ಮ್ಯಾಪಿನಲ್ಲಿ ಹಸಿರು, ನೆಲದಲ್ಲಿ ಬರೀ ಬುಡ: ಆಯ್ದು ಕಡಿದ ಮರ ಸ್ಯಾಟಲೈಟಿಗೆ ಕಾಣುತ್ತಾ?

ಬೆಟ್ಟದ ಹಾದಿ, ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೈಕೊಳ್ಳಬೇಡಿ.

ನಾನು ಇರುವುದು ರಾಜಾಜಿನಗರದಲ್ಲಿ, ಊರು ಶಿರಸಿ ಕಡೆ. ದೀಪಾವಳಿಗೆ ಹೋಗಿದ್ದೆ. ಗೋಪೂಜೆ ಮುಗಿಸಿ, ಊಟ ಮಾಡಿ, ಸುಮ್ನೆ ತೋಟದ ಮೇಲಿನ ಕಾಡಿನ ಕಡೆ ನಡೆದೆ. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಒಳದಾರಿ ಅದು. ಅಲ್ಲೊಂದು ಮತ್ತಿ ಮರ ಇತ್ತು, ಮೊಸಳೆ ಚರ್ಮದಂಥ ತೊಗಟೆ, ಮೂರು ಹುಡುಗರು ಕೈ ಹಿಡಿದು ನಿಂತರೂ ತಬ್ಬಲು ಆಗುತ್ತಿರಲಿಲ್ಲ. ಈಗ ಮರ ಇಲ್ಲ. ಬುಡ ಇದೆ. ಬುಡದ ಮೇಲೆ ಯಾರೋ ನೀಟಾಗಿ ತರಗೆಲೆ ಹರಡಿದ್ದಾರೆ. ಕಾಲಲ್ಲಿ ಸರಿಸಿದ ಮೇಲೇ ಗೊತ್ತಾಗಿದ್ದು.

ಆಮೇಲೆ ಒಂದು ಗಂಟೆ ಅದೇ ಕೆಲಸ. ಹನ್ನೊಂದು ಬುಡ ಸಿಕ್ಕಿದವು. ಮತ್ತಿ, ಹೊನ್ನೆ, ಎರಡು ಬೀಟೆ. ಮಿಕ್ಕ ಮರ ಎಲ್ಲ ನಿಂತಿವೆ. ರಸ್ತೆಯಿಂದ ನೋಡಿದರೆ ಕಾಡು ಇದ್ದ ಹಾಗೇ ಇದೆ. ಆಯಿ ಅಂತೂ "ಅದೆಲ್ಲ ನಿಂಗೆ ಯಾಕೆ, ಒಬ್ಬನೇ ಹೋಗ್ಬೇಡ" ಅಂತ ಬೈದರು.

ಬೆಂಗಳೂರಿಗೆ ಬಂದು ಗ್ಲೋಬಲ್ ಫಾರೆಸ್ಟ್ ವಾಚ್ ಅನ್ನುವ, ಸ್ಯಾಟಲೈಟ್ ಚಿತ್ರ ನೋಡಿ ಕಾಡು ಎಲ್ಲಿ ಹೋಯಿತು ಅಂತ ತೋರಿಸುವ ಆ್ಯಪ್ ತೆಗೆದೆ. ಮರ ಹೋದ ಕಡೆ ಗುಲಾಬಿ ಬಣ್ಣ ಬರುತ್ತಲ್ಲ, ಅದು. ನಮ್ಮ ಕಾಡಿನ ಪಕ್ಕ ಅಕೇಶಿಯಾ ನೆಡುತೋಪು ಇದೆ, ಅದನ್ನು ಪರ್ಮಿಶನ್ ತಗೊಂಡೇ ಕಡಿದಿದ್ದಾರೆ, ಅಲ್ಲಿ ಮಾತ್ರ ಗುಲಾಬಿ ಬಣ್ಣ ಚೆಲ್ಲಿದ ಹಾಗಿದೆ. ಹನ್ನೊಂದು ಮರ ಹೋದ ಕಾಡಲ್ಲಿ ಒಂದು ಚುಕ್ಕಿ ಕೂಡ ಇಲ್ಲ!

ಪ್ರಶ್ನೆ ಇಷ್ಟೇ. ಆಕಾಶದಿಂದ ಇಂಥದ್ದು ಕಾಣುವುದೇ ಇಲ್ಲವಾ, ಅಥವಾ ನನಗೆ ನೋಡಲು ಬರುವುದಿಲ್ಲವಾ?

---

ಪಿಕ್ಸೆಲ್ ಪುಟ್ಟ, ಭಾನುವಾರ ರಾತ್ರಿ 11:25

ಗುರು, ಎರಡೂ ಸ್ವಲ್ಪ ಸ್ವಲ್ಪ. ನಾನು ಹನ್ನೆರಡು ವರ್ಷದಿಂದ ಈ ಸ್ಯಾಟಲೈಟ್ ಚಿತ್ರ ನೋಡುವ ಕೆಲಸದಲ್ಲೇ ಇದ್ದೇನೆ, ಬೆಂಗಳೂರಿನ ಲೆಕ್ಕದಲ್ಲೇ ಹೇಳುತ್ತೇನೆ ಕೇಳಿ.

ಆ ಗುಲಾಬಿ ಬಣ್ಣ ಬರುವುದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ತಂಡ 2013ರಲ್ಲಿ ಹೊರತಂದ ನಕ್ಷೆಯಿಂದ. ವರ್ಷ ವರ್ಷ ಅದಕ್ಕೆ ಹೊಸ ಲೆಕ್ಕ ಸೇರಿಸುತ್ತಾರೆ. ಅದು ಲ್ಯಾಂಡ್‌ಸ್ಯಾಟ್ ಅನ್ನುವ ಅಮೆರಿಕದ ಸ್ಯಾಟಲೈಟಿನ ಚಿತ್ರದ ಮೇಲೆ ನಿಂತಿದೆ. ಲ್ಯಾಂಡ್‌ಸ್ಯಾಟಿನ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, 30 ಮೀಟರ್‌ಗೆ 30 ಮೀಟರ್, ಅಂದರೆ 900 ಚದರ ಮೀಟರ್. ನಮ್ಮ ಥರ್ಟಿ-ಫಾರ್ಟಿ ಸೈಟು ಸುಮಾರು 111 ಚದರ ಮೀಟರ್. ಹಾಗಾದರೆ ಒಂದು ಪಿಕ್ಸೆಲ್‌ಗೆ ಎಂಟು ಸೈಟು. ಆ ಎಂಟು ಸೈಟಿಗೆ ಸೇರಿ ಒಂದೇ ಬಣ್ಣ. ಎಂಟರಲ್ಲಿ ಒಂದು ಮನೆ ಕೆಡವಿದರೆ ಬೀದಿಯವರಿಗೆಲ್ಲ ಗೊತ್ತಾಗುತ್ತೆ, ಸ್ಯಾಟಲೈಟಿಗೆ ಬಣ್ಣ ಒಂಚೂರು ಮಾಸಿದಂತೆ ಕಾಣುತ್ತೆ ಅಷ್ಟೇ.

ನಿಮ್ಮ ಮತ್ತಿ ಮರದ ತಲೆ 15 ಮೀಟರ್ ಅಗಲ ಇತ್ತು ಅಂದುಕೊಳ್ಳಿ. ವಿಸ್ತೀರ್ಣ 177 ಚದರ ಮೀಟರ್, ಪಿಕ್ಸೆಲ್‌ನ ಐದನೇ ಒಂದು ಭಾಗ. ಅದೂ ಪೂರ್ತಿ ಒಂದೇ ಪಿಕ್ಸೆಲ್ ಒಳಗೆ ಬಿದ್ದರೆ. ಸಾಮಾನ್ಯವಾಗಿ ಎರಡು ಮೂರು ಪಿಕ್ಸೆಲ್‌ಗೆ ಹಂಚಿ ಹೋಗಿರುತ್ತೆ. ಅಕೇಶಿಯಾ ತೋಪು ಪೂರ್ತಿ ಬೋಳಾದರೆ ನೂರಾರು ಪಿಕ್ಸೆಲ್ ಒಟ್ಟಿಗೆ ಬದಲಾಗುತ್ತವೆ, ಅದನ್ನು ಕುರುಡನೂ ಗುರುತು ಹಿಡಿಯುತ್ತಾನೆ. ಆ ನಕ್ಷೆಗೆ ಇದು ಕಾಡು, ಇದು ತೋಪು ಅನ್ನುವ ಭೇದ ಇಲ್ಲ. ಐದು ಮೀಟರ್‌ಗಿಂತ ಎತ್ತರದ ಗಿಡ ಇತ್ತು, ಈಗ ಇಲ್ಲ, ಅಷ್ಟೇ ಅದಕ್ಕೆ ಗೊತ್ತು.

ಯೂರೋಪಿನ ಸೆಂಟಿನೆಲ್-2 ಸ್ಯಾಟಲೈಟಿನ ಚಿತ್ರ ನೋಡಿ. ಪಿಕ್ಸೆಲ್ 10 ಮೀಟರ್. ಹೆಚ್ಚುಕಮ್ಮಿ ಒಂದು ಪಿಕ್ಸೆಲ್‌ಗೆ ಒಂದು ಸೈಟು. ಐದು ದಿನಕ್ಕೊಮ್ಮೆ ಬರುತ್ತೆ, ಪುಕ್ಕಟೆ.

---

ಸುಮ್ನೆ ಓದುಗ, ಭಾನುವಾರ ರಾತ್ರಿ 11:50

ಥರ್ಟಿ-ಫಾರ್ಟಿ ಲೆಕ್ಕ ಸೂಪರ್. ಇನ್ನು ಮೇಲೆ ಯಾವ ಮ್ಯಾಪ್ ನೋಡಿದರೂ ಸೈಟಾಗಿಯೇ ಕಾಣುತ್ತೆ. ಚದರ ಅಡಿಗೆ ಎಷ್ಟು ಸರ್?

---

ಮಲ್ಲೇಶ್ವರದ ಅಜ್ಜ, ಸೋಮವಾರ ಬೆಳಗ್ಗೆ 5:35

ನಾನು ಅರಣ್ಯ ಇಲಾಖೆಯಿಂದ ನಿವೃತ್ತ. ಕೆಲಸಕ್ಕೆ ಸೇರಿದ್ದು 1979ರಲ್ಲಿ. ನಿದ್ದೆ ಬೇಗ ಬಿಡುತ್ತೆ, ಅದಕ್ಕೇ ಈ ಹೊತ್ತಲ್ಲಿ ಬರೆಯುತ್ತಿದ್ದೇನೆ.

ತಮ್ಮಾ, ಬುಡದಲ್ಲಿ ಚಿಗುರು ಬಂದಿತ್ತಾ? ಎಷ್ಟೆತ್ತರ? ಅದು ಹೇಳಿದರೆ ಯಾವಾಗ ಕಡಿದಿದ್ದಾರೆ ಅಂತ ಅಂದಾಜು ಸಿಗುತ್ತೆ.

ಆಯ್ದು ಕಡಿಯುವುದು ಅಂದರೆ ಏನು ಅಂತ ಒಂದೆರಡು ಮಾತು. ನಮ್ಮ ಕಾಲದಲ್ಲಿ ನಿತ್ಯಹರಿದ್ವರ್ಣ ಕಾಡಲ್ಲಿ ಕೂಪು, ಅಂದರೆ ಇಲಾಖೆಯೇ ಜಾಗ ಗೊತ್ತುಮಾಡಿ ಮರ ಕಡಿಸುವುದು, ನಡೆಯುತ್ತಿತ್ತು. ಧೂಪ, ಹೆಬ್ಬಲಸು, ಬಲಗಿ, ಪ್ಲೈವುಡ್ಡಿಗೆ ಒಂದಿಷ್ಟು, ರೈಲ್ವೆ ಸ್ಲೀಪರಿಗೆ ಒಂದಿಷ್ಟು. ಕಾಗದದ ಮೇಲೆ ಎಕರೆಗೆ ಇಷ್ಟೇ ಮರ ಅಂತ ಇರುತ್ತೆ. ಸುತ್ತಿಗೆ ಗುರುತು ಹೊಡೆದಿದ್ದನ್ನೇ ಕಡಿಯಬೇಕು. ಸರಿ, ಕಡಿದರು. ಅಂಥ ಧೂಪ ಬೀಳುವಾಗ ಒಂದೇ ಬೀಳುವುದಿಲ್ಲ. ಮೇಲೆ ಬಳ್ಳಿಗಳು ಮರದಿಂದ ಮರಕ್ಕೆ ಹೆಣೆದುಕೊಂಡಿರುತ್ತವೆ, ಅಕ್ಕಪಕ್ಕದವನ್ನೂ ಎಳೆದುಕೊಂಡು ಬೀಳುತ್ತೆ. ಕೆಳಗಿನ ಸಸಿ ಅಪ್ಪಚ್ಚಿ. ಆಮೇಲೆ ದಿಮ್ಮಿ ಎಳೆಯಬೇಕಲ್ಲ, ಅದಕ್ಕೆ ದಾರಿ. ಲಾರಿಗೆ ತುಂಬಲು ಒಂದು ಬಯಲು. ಲಾರಿ ಬರಲು ರಸ್ತೆ. ಕಡಿದ ಮರಕ್ಕಿಂತ ಹಾಳಾದದ್ದೇ ಜಾಸ್ತಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆ ಜನ ಮರ ಅಪ್ಪಿಕೊಂಡು ನಿಂತರಲ್ಲ, ಅಪ್ಪಿಕೋ, ಅವರು ಹೇಳಿದ್ದೂ ಇದನ್ನೇ. ನಾನು ಆಗ ಬೇಲಿಯ ಈ ಕಡೆ ಇದ್ದೆ. ಈಗ ಹೇಳಲು ಏನು, ಅವರು ಹೇಳಿದ್ದು ಸರಿ ಇತ್ತು.

ಅದಕ್ಕೇ ಹೇಳುತ್ತೇನೆ. ಮೇಲಿಂದ ಮರ ಹುಡುಕಬೇಡ. ದಾರಿ ಹುಡುಕು. ನಾಟಾ ಹೊರಗೆ ಹೋಗದೆ ಕಡಿದವನಿಗೆ ಏನು ಲಾಭ?

---

ಪಿಕ್ಸೆಲ್ ಪುಟ್ಟ, ಸೋಮವಾರ ಬೆಳಗ್ಗೆ 9:10

ಅಜ್ಜಾ, ನೀವು ಕಾಫಿ ಕುಡಿಯುತ್ತಾ ಹೇಳಿದ್ದನ್ನು ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಕಂಡುಕೊಂಡಿದ್ದಾರೆ!

ನಿಜವಾಗಿ ಹಾಗೇ ಆಯ್ತು. ಬ್ರೆಜಿಲ್‌ನವರು 1988ರಿಂದ ಅಮೆಜಾನಿನ ಕಾಡು ಎಷ್ಟು ಹೋಯಿತು ಅಂತ ಪ್ರತಿ ವರ್ಷ ಸ್ಯಾಟಲೈಟಿನಲ್ಲಿ ಅಳೆಯುತ್ತಿದ್ದಾರೆ. ಪ್ರೋಡೆಸ್ ಅಂತ ಅದರ ಹೆಸರು, ಅವರ ಬಾಹ್ಯಾಕಾಶ ಸಂಸ್ಥೆ ಇನ್ಪೆ ನಡೆಸುತ್ತೆ. ಆದರೆ ಅದು ಎಣಿಸುತ್ತಿದ್ದದ್ದು ಪೂರ್ತಿ ಬೋಳಾದ ಜಾಗ, ಅದೂ 6.25 ಹೆಕ್ಟೇರ್ ಮೇಲ್ಪಟ್ಟದ್ದು. ಒಂದೊಂದೇ ಮರ ಹೆಕ್ಕಿ ಒಯ್ದ ಕಾಡು ಅವರ ಲೆಕ್ಕದಲ್ಲಿ ಕಾಡೇ. 2005ರಲ್ಲಿ ಗ್ರೆಗರಿ ಆಸ್ನರ್ ತಂಡ ಹಳೇ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನೇ ಬೇರೆ ರೀತಿ ನೋಡಿ ಒಂದು ಲೆಕ್ಕ ಕೊಟ್ಟಿತು. 1999ರಿಂದ 2002ರ ನಡುವೆ ಅಮೆಜಾನಿನ ಐದು ರಾಜ್ಯಗಳಲ್ಲಿ ವರ್ಷಕ್ಕೆ 12,075ರಿಂದ 19,823 ಚದರ ಕಿ.ಮೀ. ಕಾಡಲ್ಲಿ ಆಯ್ದು ಕಡಿಯುವುದು ನಡೆದಿದೆ ಅಂತ. ನಮ್ಮ ಕೊಡಗು ಜಿಲ್ಲೆ 4,102 ಚದರ ಕಿ.ಮೀ. ಅಂದರೆ ಪ್ರತಿ ವರ್ಷ ಮೂರರಿಂದ ಐದು ಕೊಡಗು. ಬೋಳು ಮಾಡಿದ ಜಾಗಕ್ಕೆ ಹೆಚ್ಚುಕಮ್ಮಿ ಸಮ, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಅಷ್ಟೂ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಹೇಗೆ ಕಂಡುಹಿಡಿದರು ಅನ್ನುವುದು ನನಗೆ ತುಂಬ ಇಷ್ಟ. ಚುರುಮುರಿ ಉದಾಹರಣೆ ಕೊಡುತ್ತೇನೆ. ದೂರದಿಂದ ನೋಡಿದರೆ ಪೊಟ್ಟಣದಲ್ಲಿ ಒಂದೇ ಬಣ್ಣ. ಆದರೆ ಪುರಿ ಹೇಗಿರುತ್ತೆ, ಕ್ಯಾರೆಟ್ ಹೇಗಿರುತ್ತೆ, ಈರುಳ್ಳಿ ಹೇಗಿರುತ್ತೆ ಅಂತ ಬೇರೆ ಬೇರೆ ಗೊತ್ತಿದ್ದರೆ, ಆ ಒಟ್ಟು ಬಣ್ಣ ಬರಲು ಯಾವುದು ಎಷ್ಟು ಪಾಲು ಇರಬೇಕು ಅಂತ ಲೆಕ್ಕ ಹಾಕಬಹುದು. ಪಿಕ್ಸೆಲ್‌ಗೂ ಹಾಗೇ. ಹಸಿರೆಲೆ ಎಷ್ಟು, ಒಣಗಿದ ಎಲೆ-ಕಟ್ಟಿಗೆ ಎಷ್ಟು, ಬರೀ ಮಣ್ಣು ಎಷ್ಟು, ನೆರಳು ಎಷ್ಟು. ಸರಿಯಾದ ಕಾಡಲ್ಲಿ ಮಣ್ಣು ಸೊನ್ನೆಗೆ ಹತ್ತಿರ. ಮರ ಬಿದ್ದ ಕಡೆ ಒಣಕಟ್ಟಿಗೆ ಏರುತ್ತೆ. ಲಾರಿ ತುಂಬುವ ಬಯಲಲ್ಲಿ ಮಣ್ಣು ಏರುತ್ತೆ. ಇದನ್ನೇ ಒಂದು ಸೂಚ್ಯಂಕ ಮಾಡಿ ಬ್ರೆಜಿಲ್‌ನ ಇಮಜಾನ್ ಸಂಸ್ಥೆಯ ಕಾರ್ಲೋಸ್ ಸೋಜಾ ತಂಡ ಎನ್‌ಡಿಎಫ್ಐ ಅಂತ ಹೆಸರಿಟ್ಟಿತು. ಒಳ್ಳೆ ಕಾಡಿಗೆ 1ರ ಹತ್ತಿರ, ಹಾಳಾದಷ್ಟೂ ಕೆಳಗೆ.

ಹಸಿರು ಎಷ್ಟಿದೆ ಅಂತ ಅಳೆಯಲು ಎಲ್ಲರೂ ಬಳಸುವ ಎನ್‌ಡಿವಿಐ ಇಲ್ಲಿ ಕೈ ಕೊಡುತ್ತೆ. ಅದಕ್ಕೆ ಹಸಿರು ಅಂದರೆ ಹಸಿರು. ಬೀಟೆ ಎಲೆಯೋ ಕಳೆಯೋ ಅಂತ ಕೇಳಲ್ಲ.

---

ಬೆಟ್ಟದ ಹಾದಿ, ಸೋಮವಾರ ಮಧ್ಯಾಹ್ನ 1:20

ಅಜ್ಜಾ, ಮತ್ತಿ ಬುಡದಲ್ಲಿ ಚಿಗುರು ಇತ್ತು. ಮೊಣಕಾಲಿಗಿಂತ ಸ್ವಲ್ಪ ಮೇಲೆ. ಬುಡದ ಸುತ್ತ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಎದೆಮಟ್ಟ ಬೆಳೆದಿತ್ತು, ಅದನ್ನು ತಳ್ಳಿಕೊಂಡೇ ಒಳಗೆ ಹೋದೆ.

---

ಮಲ್ಲೇಶ್ವರದ ಅಜ್ಜ, ಸೋಮವಾರ ಮಧ್ಯಾಹ್ನ 3:00

ಹಾಗಾದರೆ ಒಂದು ಮಳೆಗಾಲ ದಾಟಿದೆ, ಎರಡಲ್ಲ. ಕಡಿದದ್ದು ಕಳೆದ ಬೇಸಿಗೆಯಲ್ಲಿ. ಫೆಬ್ರವರಿಯಿಂದ ಮೇ ಒಳಗೆ. ಮಳೆ ಬಿದ್ದರೆ ಲಾರಿ ಹೂತುಕೊಳ್ಳುತ್ತೆ, ಕಳ್ಳನೂ ಬರಲ್ಲ.

---

ಪಿಕ್ಸೆಲ್ ಪುಟ್ಟ, ಸೋಮವಾರ ಸಂಜೆ 6:45

ನೋಡಿ, ಆ ಕಮ್ಯುನಿಸ್ಟ್ ಗಿಡವೇ ನಿಮ್ಮ ಆ್ಯಪಿನ ಬಾಯಿ ಮುಚ್ಚಿಸಿದ್ದು. ಮರ ಬಿದ್ದಲ್ಲಿ ಬಿಸಿಲು ಬೀಳುತ್ತೆ, ಬಿಸಿಲು ಬಿದ್ದಲ್ಲಿ ಕಳೆ ಏಳುತ್ತೆ, ಒಂದೇ ಮಳೆಗಾಲಕ್ಕೆ ಮೇಲಿನಿಂದ ಮತ್ತೆ ಹಸಿರು. ಅಮೆಜಾನಿನಲ್ಲೂ ಇದೇ ಕಥೆ. ಒಂದರಿಂದ ಮೂರು ವರ್ಷದಲ್ಲಿ ಗಾಯ ಮುಚ್ಚಿಹೋಗುತ್ತೆ. ಒಂದು ವರ್ಷದ ಒಳಗೆ ನೋಡಲಿಲ್ಲ ಅಂದರೆ ಲ್ಯಾಂಡ್‌ಸ್ಯಾಟಿನಲ್ಲಿ ಸಿಗುವುದು ಕಷ್ಟ.

ಆದ್ದರಿಂದ ನವೆಂಬರ್ ಚಿತ್ರ ನೋಡಬೇಡಿ. ಮಾರ್ಚ್ ಕೂಡ ಬೇಡ, ಆಗ ಮತ್ತಿ, ನಂದಿ ಎಲ್ಲ ಎಲೆ ಉದುರಿಸಿ ನಿಂತಿರುತ್ತವೆ, ಇಡೀ ಕಾಡು ಹಾಳಾದ ಹಾಗೆ ಕಾಣುತ್ತೆ. ಬಂಡೀಪುರ, ನಾಗರಹೊಳೆ ಕಡೆ ಹೊಸಬರು ಇದರಲ್ಲೇ ಮೋಸ ಹೋಗುವುದು. ಬಿದಿರು ಹೂಬಿಟ್ಟು ಒಣಗಿದ ವರ್ಷ ಇನ್ನೂ ಮಜಾ. ಈ ವರ್ಷದ ಮೇ, ಹೋದ ವರ್ಷದ ಮೇ, ಎರಡನ್ನೂ ಪಕ್ಕಪಕ್ಕ ಇಡಿ. ಮರಗಳು ಹೊಸ ಎಲೆ ಬಿಟ್ಟಿರುತ್ತವೆ, ಕಳೆ ಇನ್ನೂ ಎದ್ದಿರಲ್ಲ. ಮುಂಗಾರು ಮೋಡಕ್ಕೆ ಮುಂಚೆ ಹತ್ತು ಹದಿನೈದು ದಿನದ ಕಿಂಡಿ ಸಿಗುತ್ತೆ. ಅಷ್ಟೇ.

---

ಕಾಫಿ ಕಣ, ಸೋಮವಾರ ರಾತ್ರಿ 9:30

ನಾನು ಸೋಮವಾರಪೇಟೆ ಕಡೆಯವನು, ಕೆಲಸ ವಾರದಲ್ಲಿ ಐದು ದಿನ ಬೆಂಗಳೂರು. ಇದನ್ನೆಲ್ಲ ಓದಿ ನನಗೆ ಬೇರೆ ಭಯ ಶುರುವಾಯಿತು. ಯೂರೋಪಿನವರು ಹೊಸ ಕಾನೂನು ಮಾಡಿದ್ದಾರಲ್ಲ, 2020ರ ಡಿಸೆಂಬರ್ 31ರ ಮೇಲೆ ಕಾಡು ಕಡಿದ ಜಾಗದ ಕಾಫಿ, ರಬ್ಬರು, ಕೋಕೋ, ಮರ ಇವೆಲ್ಲ ಅವರ ದೇಶಕ್ಕೆ ಬರುವ ಹಾಗಿಲ್ಲ ಅಂತ. ಜಾರಿ ಮುಂದಕ್ಕೆ ಹೋಗುತ್ತಲೇ ಇದೆ, ಆದರೆ ಬರುವುದಂತೂ ಬರುತ್ತೆ. ತೋಟದ ಲೊಕೇಶನ್ ಕೊಡಬೇಕು. ನಮ್ಮದು ನೆರಳಿನ ತೋಟ. ಮೇಲೆ ಸಿಲ್ವರ್ ಓಕ್, ಬಳಂಜಿ, ಹಲಸು, ಅತ್ತಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುತ್ತೇವೆ, ಕೊಂಬೆ ಸವರಿ ಬಿಸಿಲು ಬಿಡುತ್ತೇವೆ. ಅದನ್ನು ನೋಡಿ ಸ್ಯಾಟಲೈಟು "ಇವರು ಕಾಡು ಕಡಿದರು" ಅಂದರೆ? ಯಾರಿಗೆ ಹೋಗಿ ಅಳುವುದು?

---

ಪಿಕ್ಸೆಲ್ ಪುಟ್ಟ, ಸೋಮವಾರ ರಾತ್ರಿ 10:05

ಭಯ ಸುಳ್ಳಲ್ಲ ಸರ್. ಕಾಡು ಅಂದರೆ ಯಾವುದು ಅನ್ನುವುದರಲ್ಲೇ ಅರ್ಧ ಜಗಳ ಇದೆ. ನಮ್ಮ ದೇಶದ ಅರಣ್ಯ ವರದಿಯಲ್ಲಿ ಒಂದು ಹೆಕ್ಟೇರ್ ಜಾಗದ ನೂರಕ್ಕೆ ಹತ್ತು ಭಾಗ ಮರದ ನೆರಳು ಇದ್ದರೆ ಸಾಕು, ಅದು ಕಾಡಿನ ಹೊದಿಕೆ. ಜಮೀನು ಯಾರದ್ದು, ಗಿಡ ಯಾವುದು ಅಂತ ಕೇಳುವುದಿಲ್ಲ. ನಿಮ್ಮ ಕಾಫಿ ತೋಟವೂ ಅದರಲ್ಲಿ ಬರುತ್ತೆ, ರಬ್ಬರೂ ಬರುತ್ತೆ. ಆ ವರದಿಗೆ ಬಹಳ ಕಾಲ ಬಳಸಿದ್ದು ನಮ್ಮ ಇಸ್ರೋದ್ದೇ ಲಿಸ್-3 ಕ್ಯಾಮೆರಾ, ಪಿಕ್ಸೆಲ್ 23.5 ಮೀಟರ್.

ಇನ್ನೊಂದು ವಿಷಯ, ಥ್ರೆಡ್ ಶುರು ಮಾಡಿದವರಿಗೂ ಬೇಕಾದದ್ದು. ಆ ವರದಿಯಲ್ಲಿ 70ಕ್ಕಿಂತ ಜಾಸ್ತಿ ಇದ್ದರೆ "ಅತಿ ದಟ್ಟ", 40ರಿಂದ 70 "ಮಧ್ಯಮ", 10ರಿಂದ 40 "ತೆಳು". 95 ಇದ್ದ ಕಾಡಿಂದ ಹೆಕ್ಕಿ ಹೆಕ್ಕಿ 72ಕ್ಕೆ ತಂದರೂ ಅದು ಇನ್ನೂ "ಅತಿ ದಟ್ಟ". ವರದಿಯಲ್ಲಿ ಒಂದು ಎಲೆ ಅಲುಗಿಲ್ಲ.

ನಿಮಗೆ ನನ್ನ ಸಲಹೆ: ತೋಟದ ಫೋಟೋ ತಾರೀಖು ಸಮೇತ ಇಟ್ಟುಕೊಳ್ಳಿ, ಮರಗಸಿಗೆ ಮುಂಚೆ, ಆಮೇಲೆ. 2020ಕ್ಕಿಂತ ಹಳೇ ದಾಖಲೆ ಏನೇ ಇದ್ದರೂ ಬಿಸಾಕಬೇಡಿ. ಕಾಫಿ ಮಂಡಳಿಯವರನ್ನು ಕೇಳಿ.

---

ಏನ್ ಗುರು, ಸೋಮವಾರ ರಾತ್ರಿ 11:40

ಎಲ್ಲ ಸರಿ. ಇಷ್ಟೆಲ್ಲ ಸ್ಯಾಟಲೈಟು ಮೇಲೆ ತಿರುಗಿ ಒಬ್ಬ ಕಳ್ಳನಾದರೂ ಸಿಕ್ಕಿದನಾ? ನಮ್ಮ ರಸ್ತೆಯಲ್ಲಿ ಮೂರು ಮಳೆಮರ ಕಡಿದರು, ಅದಕ್ಕೆ ಸ್ಯಾಟಲೈಟ್ ಬೇಕಿತ್ತಾ, ಇಡೀ ಬಡಾವಣೆ ನಿಂತು ನೋಡಿತು. ಏನಾಯ್ತು? ಎಂಥದ್ದೂ ಇಲ್ಲ.

---

ಪಿಕ್ಸೆಲ್ ಪುಟ್ಟ, ಮಂಗಳವಾರ ಬೆಳಗ್ಗೆ 8:50

ನಿಮ್ಮ ರಸ್ತೆ ಮರಕ್ಕೆ ಬೇರೆ ಥ್ರೆಡ್ ಇದೆ ಅಣ್ಣಾ, ಅಲ್ಲಿ ಬನ್ನಿ, ನಾನೂ ಬೈಯುತ್ತೇನೆ.

ಆದರೆ ಕಳ್ಳ ಸಿಕ್ಕಿದನಾ ಅಂದರೆ, ಬ್ರೆಜಿಲ್‌ನಲ್ಲಿ ಸಿಕ್ಕಿದ. 2004ರಲ್ಲಿ ಅವರು ಡೆಟರ್ ಅಂತ ಶುರು ಮಾಡಿದರು. ವರ್ಷದ ಕೊನೆಗೆ ಲೆಕ್ಕ ಕೊಡುವ ಬದಲು, ಕಡಿಯುತ್ತಿರುವಾಗಲೇ ಸೂಚನೆ. ಆಗ ಕ್ಯಾಮೆರಾ ಎಷ್ಟು ಒರಟು ಅಂದರೆ ಪಿಕ್ಸೆಲ್ 250 ಮೀಟರ್, ನಮ್ಮ ಲೆಕ್ಕದಲ್ಲಿ ಐನೂರಕ್ಕೂ ಜಾಸ್ತಿ ಸೈಟು, ಒಂದು ಬಡಾವಣೆ. ಆದರೂ ಕೆಲಸ ಆಯ್ತು. ಆ ಜಾಗಕ್ಕೆ ಅಧಿಕಾರಿಗಳು ನೇರ ಹೋಗಿ ಇಳಿಯುತ್ತಿದ್ದರು. 2004ರಲ್ಲಿ 27,772 ಚದರ ಕಿ.ಮೀ. ಕಾಡು ಹೋಗಿತ್ತು. 2012ಕ್ಕೆ 4,571. ಪೂರ್ತಿ ಸ್ಯಾಟಲೈಟಿನ ಪುಣ್ಯ ಅನ್ನಲ್ಲ. ಹೊಸ ರಕ್ಷಿತ ಪ್ರದೇಶ, ಕಾಡು ಕಡಿದವರಿಗೆ ಸಾಲ ಇಲ್ಲ ಅನ್ನುವ ನಿಯಮ, ಅಲ್ಲಿ ಬೆಳೆದ ಸೋಯಾ ಕೊಳ್ಳಲ್ಲ ಅಂತ 2006ರಲ್ಲಿ ವ್ಯಾಪಾರಿಗಳು ಮಾಡಿಕೊಂಡ ಒಪ್ಪಂದ, ಎಲ್ಲ ಸೇರಿದವು. ಕಳ್ಳರೂ ಕಲಿತರು. 25 ಹೆಕ್ಟೇರ್‌ಗಿಂತ ಚಿಕ್ಕದು ಅದಕ್ಕೆ ಕಾಣಲ್ಲ ಅಂತ ಗೊತ್ತಾಗಿ ಚಿಕ್ಕ ಚಿಕ್ಕ ತುಂಡಾಗಿ ಕಡಿಯಲು ಶುರು ಮಾಡಿದರು.

ಆಮೇಲೆ ಬಂದ ಹೊಸ ಡೆಟರ್‌ನಲ್ಲಿ ಒಂದು ಖುಷಿ ವಿಷಯ ಇದೆ. ಅದರಲ್ಲಿ ನಮ್ಮ ರಿಸೋರ್ಸ್‌ಸ್ಯಾಟ್-2 ಸ್ಯಾಟಲೈಟಿನ ಎವಿಫ್ಸ್ ಕ್ಯಾಮೆರಾದ ಚಿತ್ರವನ್ನೂ ಬಳಸಿದರು, 56 ಮೀಟರ್ ಪಿಕ್ಸೆಲ್. ಅಮೆಜಾನಿನ ಕಳ್ಳನ ಮೇಲೆ ಇಸ್ರೋ ಕಣ್ಣು! ಅದರಲ್ಲಿ ಆಯ್ದು ಕಡಿಯುವುದಕ್ಕೇ ಬೇರೆ ವರ್ಗ ಇದೆ, ಅದೂ ಎರಡು. ಒಂದು ಗೆರೆ ಎಳೆದ ಹಾಗೆ ಕ್ರಮವಾಗಿ ದಾರಿ ಮಾಡಿ ಕಡಿದದ್ದು. ಇನ್ನೊಂದು ಅಡ್ಡಾದಿಡ್ಡಿ. ನೋಡಿ ಅಜ್ಜಾ, ಅವರೂ ದಾರಿಯ ಆಕಾರ ನೋಡಿಯೇ ವರ್ಗ ಮಾಡುವುದು.

2019ರಲ್ಲಿ ಕಾಡುನಾಶ ಏರಿದೆ ಅಂತ ಅಂಕಿಅಂಶ ತೋರಿಸಿದ್ದಕ್ಕೆ ಇನ್ಪೆಯ ಮುಖ್ಯಸ್ಥ ರಿಕಾರ್ಡೋ ಗಾಲ್ವಾವೋ ಅವರ ಕೆಲಸವೇ ಹೋಯಿತು. ಚಿತ್ರ ಎಷ್ಟು ಚೆನ್ನಾಗಿದ್ದರೂ ಕುರ್ಚಿಯಲ್ಲಿ ಕೂತವರಿಗೆ ನೋಡುವ ಮನಸ್ಸು ಬೇಕು. ಅಷ್ಟರ ಮಟ್ಟಿಗೆ ನಿಮ್ಮ ಸಿಟ್ಟು ಒಪ್ಪುತ್ತೇನೆ.

---

ಸುಮ್ನೆ ಓದುಗ, ಮಂಗಳವಾರ ಬೆಳಗ್ಗೆ 10:15

ದಾರಿ ಅಂದಾಗ ನೆನಪಾಯ್ತು. ಬೋರ್ನಿಯೋದ ಮಲೇಷ್ಯಾ ಭಾಗದಲ್ಲಿ, ಸಾಬಾ ಮತ್ತು ಸರವಾಕ್, 1990ರಿಂದ 2009ರ ತನಕದ ಚಿತ್ರಗಳಲ್ಲಿ ಕಾಡಿನ ರಸ್ತೆಗಳನ್ನು ಗುರುತು ಹಾಕಿದವರಿಗೆ ಸುಮಾರು 3,64,000 ಕಿ.ಮೀ. ಸಿಕ್ಕಿತಂತೆ. ಚಂದ್ರನ ದೂರಕ್ಕೆ ಇಪ್ಪತ್ತು ಸಾವಿರ ಕಮ್ಮಿ. ನನ್ನ ಬಸ್ಸು ಸಿಲ್ಕ್ ಬೋರ್ಡಲ್ಲಿ ನಿಂತಿದೆ, ಅದಕ್ಕೇ ಇಷ್ಟೆಲ್ಲ ಲೆಕ್ಕ.

---

ರೇಡಾರ್ ರಮಾ, ಮಂಗಳವಾರ ರಾತ್ರಿ 8:20

ತಡವಾಗಿ ಬಂದೆ. ಎಲ್ಲರೂ ಮೇ ತಿಂಗಳ ಕಿಂಡಿ ಅಂತಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ಏನು ನಡೆದರೂ ಕ್ಯಾಮೆರಾಗೆ ಮೋಡವೇ ಗತಿ. ರೇಡಾರ್‌ಗೆ ಮೋಡವೂ ಒಂದೇ, ರಾತ್ರಿಯೂ ಒಂದೇ, ತಾನೇ ಅಲೆ ಬಿಟ್ಟು ತಾನೇ ವಾಪಸ್ ಕೇಳುತ್ತೆ. ಸೆಂಟಿನೆಲ್-1 ಅಂಥ ರೇಡಾರ್ ಸ್ಯಾಟಲೈಟು. ಅದನ್ನು ಇಟ್ಟುಕೊಂಡು ನೆದರ್‌ಲ್ಯಾಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದವರು ರ್‍ಯಾಡ್ ಅಂತ ಎಚ್ಚರಿಕೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಗ್ಲೋಬಲ್ ಫಾರೆಸ್ಟ್ ವಾಚ್‌ನಲ್ಲೇ ಸಿಗುತ್ತೆ.

ಆದರೆ ಸೆಂಟಿನೆಲ್-1ರ ಅಲೆಯ ಉದ್ದ 5.6 ಸೆಂ.ಮೀ. ಅಷ್ಟು ಚಿಕ್ಕ ಅಲೆ ಮೇಲಿನ ಎಲೆ, ಕಡ್ಡಿಗೇ ತಾಗಿ ವಾಪಸ್ ಬರುತ್ತೆ. ಒಳಗೆ ಏನಾಗಿದೆ ಅಂತ ಅದಕ್ಕೆ ಗೊತ್ತಾಗಲ್ಲ. 24 ಸೆಂ.ಮೀ. ಅಲೆ ಆದರೆ ಎಲೆ ದಾಟಿ ಕೊಂಬೆ, ಕಾಂಡದ ತನಕ ಹೋಗುತ್ತೆ. ಅದಕ್ಕೇ ನಾಸಾ, ಇಸ್ರೋ ಸೇರಿ ಮಾಡಿದ ನಿಸಾರ್ ರೇಡಾರ್ ಸ್ಯಾಟಲೈಟಿನ ಬಗ್ಗೆ ನನಗೆ ಇಷ್ಟು ಆಸೆ. 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹಾರಿತು. ನಾಸಾದ್ದು 24 ಸೆಂ.ಮೀ.ನ ಎಲ್-ಬ್ಯಾಂಡ್, ನಮ್ಮದು ಅದಕ್ಕಿಂತ ಚಿಕ್ಕ ಅಲೆಯ ಎಸ್-ಬ್ಯಾಂಡ್, 12 ಮೀಟರ್ ಅಗಲದ ಬಲೆ ಆಂಟೆನಾ, 12 ದಿನಕ್ಕೊಮ್ಮೆ ಅದೇ ಜಾಗ. ಎರಡು ರೇಡಾರನ್ನೂ 2023ರ ಮಾರ್ಚಿನಲ್ಲಿ ಅಮೆರಿಕದ ವಾಯುಪಡೆ ವಿಮಾನದಲ್ಲಿ ತಂದು ಇಲ್ಲೇ ಬೆಂಗಳೂರಲ್ಲಿ ಜೋಡಿಸಿದ್ದು. ಆ ವಾರ ನಮ್ಮ ಮನೆಯಲ್ಲಿ ಮದುವೆ ಮಾತು ನಡೆಯುತ್ತಿತ್ತು, ನಾನು ಫೋನಿನಲ್ಲಿ ವಿಮಾನದ ಫೋಟೋ ನೋಡುತ್ತಾ ಕೂತಿದ್ದೆ, ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಘಟ್ಟದ ಕಡಿದಾದ ಇಳಿಜಾರಲ್ಲಿ ರೇಡಾರ್ ಚಿತ್ರ ಗುಡ್ಡದ ಒಂದು ಮಗ್ಗುಲನ್ನು ಮಡಚಿ ತೋರಿಸುತ್ತೆ, ಇನ್ನೊಂದನ್ನು ಕತ್ತಲಲ್ಲಿ ಬಿಡುತ್ತೆ. ಮಳೆಯಲ್ಲಿ ನೆನೆದ ಎಲೆ ಒಂದು ಥರ, ಒಣ ಎಲೆ ಇನ್ನೊಂದು ಥರ. ಅಮೆಜಾನಿನ ಸಪಾಟು ನೆಲದಲ್ಲಿ ನಡೆದದ್ದೆಲ್ಲ ಶಿರಸಿಯಲ್ಲಿ ನಡೆಯುತ್ತೆ ಅಂತ ನಂಬಬೇಡಿ.

---

ಬೆಟ್ಟದ ಹಾದಿ, ಮೂರು ವಾರದ ನಂತರ, ಶನಿವಾರ ರಾತ್ರಿ 11:10

ಎಲ್ಲರಿಗೂ ಮತ್ತೆ ನಮಸ್ಕಾರ. ಸುಮ್ಮನೆ ಕೂತಿರಲಿಲ್ಲ. ಆಫೀಸ್ ಮುಗಿಸಿ ದಿನಾ ರಾತ್ರಿ ಇದೇ ಕೆಲಸ.

ಮೇ ತಿಂಗಳ ಎರಡು ಸೆಂಟಿನೆಲ್-2 ಚಿತ್ರ ಸಿಕ್ಕಿದವು. ಈ ವರ್ಷದ್ದರಲ್ಲಿ ಒಂದು ಮೂಲೆಯಲ್ಲಿ ಮೋಡ ಇತ್ತು, ಅದೃಷ್ಟಕ್ಕೆ ನಮ್ಮ ಬೆಟ್ಟ ಬಿಟ್ಟು. ಪುಟ್ಟ ಅವರು ಹೇಳಿದ ಹಾಗೆ ಚುರುಮುರಿ ಲೆಕ್ಕ ಹಾಕಿದೆ. ಮೊದಲ ಎರಡು ದಿನ ಎಲ್ಲ ಉಲ್ಟಾ ಬಂತು, ನೆರಳನ್ನು ಮರೆತಿದ್ದೆ. ಊರಲ್ಲಿ ಫೋನಿನಲ್ಲಿ ಗುರುತು ಹಾಕಿಕೊಂಡಿದ್ದ ಹನ್ನೊಂದು ಬುಡಗಳನ್ನು ಮೇಲೆ ಇಟ್ಟು ನೋಡಿದೆ. ಮರದ ಕೆಳಗೆ ಫೋನಿನ ಲೊಕೇಶನ್ ಹತ್ತು ಮೀಟರ್ ಆಚೀಚೆ ಆಗುತ್ತೆ, ಅಂದರೆ ಪಕ್ಕದ ಸೈಟಿಗೆ ಹೋಗುತ್ತೆ. ಅಷ್ಟು ಬಿಟ್ಟುಕೊಟ್ಟು ನೋಡಿದರೆ ಹನ್ನೊಂದರಲ್ಲಿ ನಾಲ್ಕು ಕಡೆ ಒಣಕಟ್ಟಿಗೆ ಪಾಲು ಏರಿದ್ದು ಕಾಣುತ್ತೆ. ಮತ್ತಿ ಮರದ್ದು ಎಲ್ಲಕ್ಕಿಂತ ಸ್ಪಷ್ಟ, ಒಟ್ಟಿಗೆ ಮೂರು ಪಿಕ್ಸೆಲ್. ಮಿಕ್ಕ ಏಳು ಕಡೆ ಏನೂ ಇಲ್ಲ. ಎರಡು ಬೀಟೆಯಲ್ಲಿ ಒಂದೂ ಸಿಗಲಿಲ್ಲ.

ಅಲ್ಲಿಗೆ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಆಮೇಲೆ ಅಜ್ಜನ ಮಾತು ನೆನಪಾಗಿ ಮರ ಬಿಟ್ಟು ದಾರಿ ಹುಡುಕಿದೆ. ಬರೀ ಮಣ್ಣಿನ ಪಾಲು ಮಾತ್ರ ತೋರಿಸು ಅಂತ ಹಾಕಿದೆ. ತೆಳ್ಳಗೆ ಒಂದು ಗೆರೆ ಬಂತು. ಹೋದ ವರ್ಷ ಇಲ್ಲ, ಈ ವರ್ಷ ಇದೆ. ಅದು ಕಾಡಿನಿಂದ ಟಾರು ರಸ್ತೆಗೆ ಹೋಗುತ್ತೆ ಅಂದುಕೊಂಡಿದ್ದೆ. ಹೋಗಲ್ಲ. ಮತ್ತಿ ಮರದ ಹತ್ತಿರದಿಂದ ಹೊರಟು, ಹಳ್ಳ ತಪ್ಪಿಸಿ, ಇನ್ನೊಂದು ದಿಕ್ಕಿಗೆ ಇಳಿದು, ಸೀದಾ ಆ ಅಕೇಶಿಯಾ ತೋಪಿಗೆ ಸೇರುತ್ತೆ. ತೋಪಿನ ಅಂಚಲ್ಲಿ ನಾಲ್ಕು ಸೈಟಿನಷ್ಟು ಬಯಲು.

ಮೊದಲ ಪೋಸ್ಟಿನಲ್ಲಿ ನಾನೇ ಬರೆದಿದ್ದೆ, ಅಕೇಶಿಯಾ ಪರ್ಮಿಶನ್ ತಗೊಂಡು ಕಡಿದದ್ದು, ಅದು ಲೆಕ್ಕಕ್ಕಿಲ್ಲ ಅಂತ. ಆ್ಯಪ್ ಮೊದಲ ದಿನವೇ ಗುಲಾಬಿ ಬಣ್ಣದಲ್ಲಿ ಅದೇ ಜಾಗ ತೋರಿಸಿತ್ತು. ನಾನೇ ಬೈದು ಮುಚ್ಚಿಟ್ಟೆ.

---

ಮಲ್ಲೇಶ್ವರದ ಅಜ್ಜ, ಭಾನುವಾರ ಬೆಳಗ್ಗೆ 5:20

ಹಳೇ ದಾರಿ ಇದು ತಮ್ಮಾ. ಪಾಸು ಇರುವ ಲಾರಿ, ಮೇಲೆ ಅಕೇಶಿಯಾ, ಕೆಳಗೆ ಏನಿದೆ ಅಂತ ಚೆಕ್ ಪೋಸ್ಟಿನಲ್ಲಿ ಪೂರ್ತಿ ಇಳಿಸಿ ಯಾರು ನೋಡುತ್ತಾರೆ? ಹಾಗಂತ ಅಕೇಶಿಯಾದವರೇ ಮಾಡಿದರು ಅಂತ ನಾನು ಹೇಳಲ್ಲ, ನೀನೂ ಬರೆಯಬೇಡ. ರಸ್ತೆ ಒಬ್ಬರದ್ದು, ಓಡಿಸುವವನು ಇನ್ನೊಬ್ಬ ಆಗಿರಬಹುದು.

ಮಾಡಬೇಕಾದ್ದು ಹೇಳುತ್ತೇನೆ. ಎರಡು ಚಿತ್ರ ಪಕ್ಕಪಕ್ಕ ಪ್ರಿಂಟ್ ತೆಗೆಸು, ಗೆರೆಯ ಮೇಲೆ ಪೆನ್ನಲ್ಲಿ ಗುರುತು ಹಾಕು. ಪ್ರತಿ ಬುಡದ ಸುತ್ತಳತೆ ಟೇಪಲ್ಲಿ ಅಳೆದು, ಸೀಮೆಸುಣ್ಣದಲ್ಲಿ ನಂಬರ್ ಬರೆದು, ಟೇಪು ಕಾಣುವ ಹಾಗೆ ಫೋಟೋ. ಮನವಿ ಬರೆದು ಎರಡು ಪ್ರತಿ ಮಾಡಿ ವಲಯ ಕಚೇರಿಯಲ್ಲಿ ಕೊಟ್ಟು, ಒಂದರ ಮೇಲೆ ಸೀಲು ಹಾಕಿಸಿಕೋ. ಅಕೇಶಿಯಾ ಕಡಿದ ತಿಂಗಳು ಯಾವುದು ಅಂತ ಅವರ ದಾಖಲೆಯಲ್ಲೇ ಇರುತ್ತೆ, ನಿನ್ನ ಮೇ ಚಿತ್ರಕ್ಕೆ ಹೊಂದುತ್ತಾ ಅಂತ ಅವರೇ ನೋಡಲಿ.

---

ಪಿಕ್ಸೆಲ್ ಪುಟ್ಟ, ಭಾನುವಾರ ಬೆಳಗ್ಗೆ 9:40

ನಾಲ್ಕು ಅಂದರೆ ಒಳ್ಳೆ ಫಲಿತಾಂಶ ಗುರು, ಬೇಜಾರು ಬೇಡ. ಬೀಟೆ ಯಾಕೆ ಸಿಗಲಿಲ್ಲ ಅಂದರೆ ಅವು ಬೇರೆ ದೊಡ್ಡ ಮರದ ಕೆಳಗೆ ಇದ್ದಿರಬಹುದು. ಮೇಲಿನ ಕೊಡೆ ಹಾಗೇ ಇದ್ದರೆ ಕೆಳಗಿನ ಮರ ಹೋದದ್ದು ಯಾವ ಕ್ಯಾಮೆರಾಗೂ ಕಾಣಲ್ಲ.

ಒಂದು ವಿನಂತಿ. ಆ ಸ್ಕ್ರೀನ್‌ಶಾಟ್ ಇಲ್ಲಿ ಹಾಕುವುದಾದರೆ ಅಕ್ಷಾಂಶ ರೇಖಾಂಶ ಅಳಿಸಿ. ಅಲ್ಲಿ ಇನ್ನೂ ಬೀಟೆ ಉಳಿದಿದ್ದರೆ, ಈ ಥ್ರೆಡ್ಡನ್ನು ಓದುವವರೆಲ್ಲ ನಮ್ಮಂಥವರೇ ಆಗಿರಬೇಕು ಅಂತೇನಿಲ್ಲ.

---

ಬೆಟ್ಟದ ಹಾದಿ, ಭಾನುವಾರ ಬೆಳಗ್ಗೆ 10:05

ಅಳಿಸಿದೆ. ಥ್ಯಾಂಕ್ಸ್. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ಸು ಬುಕ್ ಮಾಡಿದ್ದೇನೆ. ಚಿಕ್ಕಪ್ಪನ ಮಗ ಜೊತೆಗೆ ಬರುತ್ತಾನೆ. ಆಯಿಗೆ ಇನ್ನೂ ಹೇಳಿಲ್ಲ.

---

ರೇಡಾರ್ ರಮಾ, ಭಾನುವಾರ ಬೆಳಗ್ಗೆ 10:30

ಆ ಮಣ್ಣಿನ ಗೆರೆ ನನಗೆ ಕಳಿಸುತ್ತೀರಾ? ಬೇಸಿಗೆಯ ಸೆಂಟಿನೆಲ್-1 ಚಿತ್ರಗಳಲ್ಲಿ ಯಾವ ವಾರ ಶುರುವಾಯಿತು ಅಂತ ನೋಡುತ್ತೇನೆ. ಕಾಡಿನೊಳಗಿನ ದಾರಿ ಸಿಗುವುದು ಡೌಟು, ಆದರೆ ತೋಪು ಬೋಳಾದ ವಾರ ಗೊತ್ತಾಗಬಹುದು.

---

ಮಲ್ಲೇಶ್ವರದ ಅಜ್ಜ, ಭಾನುವಾರ ಬೆಳಗ್ಗೆ 11:15

ಒಂದು ಮರೆತೆ. ಡಿಸೆಂಬರ್ ಬಂತು, ಉಣುಗು ಏಳುವ ಕಾಲ. ನಿಮ್ಮ ಕಡೆ ಮಂಗನ ಕಾಯಿಲೆ ಇದೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೋ, ಪ್ಯಾಂಟು ಸಾಕ್ಸಿನ ಒಳಗೆ ತುರುಕು. ಬಂದ ತಕ್ಷಣ ಬಿಸಿನೀರಿನ ಸ್ನಾನ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ, ಆಸ್ಪತ್ರೆಗೆ ತಿಳಿಸು.